ಪೆಟ್ಟಿಗೆಗೆ ತೂತು ಕೊರೆದ ಯಾಜಕ

ಮಲಾಕಿಯ ಪುಸ್ತಕದಲ್ಲಿ ಇರುವುದು ನಾಲ್ಕೇ ಅಧ್ಯಾಯ. ನಮ್ಮ ಪ್ರಸಂಗಪೀಠಗಳಿಗೆ ಗೊತ್ತಿರುವುದು ಮೂರನೆಯದು, ಅದರಲ್ಲೂ ಹತ್ತನೆಯ ವಚನ. ದಶಮಾಂಶವನ್ನೆಲ್ಲ ಭಂಡಾರಕ್ಕೆ ತನ್ನಿ ಎಂಬ ಆ ಮಾತು ಕಾಣಿಕೆ ಚೀಲ ಹೊರಡುವ ಒಂದು ನಿಮಿಷ ಮೊದಲು ತಪ್ಪದೆ ಹಾಜರಾಗುತ್ತದೆ. ಎರಡನೆಯ ಅಧ್ಯಾಯ ಶುರುವಾಗುವುದೇ ಯಾಜಕರನ್ನು ಎದುರಿಗೆ ನಿಲ್ಲಿಸಿ ತರಾಟೆಗೆ ತೆಗೆದುಕೊಳ್ಳುವುದರಿಂದ. ಅದನ್ನು ಓದುವ ಭಾನುವಾರ ಮಾತ್ರ ಕ್ಯಾಲೆಂಡರಿನಲ್ಲಿ ಏಕೋ ಬರುವುದೇ ಇಲ್ಲ.

ಬರದಿದ್ದರೆ ಬೇಡ, ಅರಸುಗಳು ಎರಡನೆಯ ಭಾಗದ 12ನೆಯ ಅಧ್ಯಾಯಕ್ಕೆ ಬನ್ನಿ. ಏಳು ವರ್ಷಕ್ಕೇ ಪಟ್ಟಕ್ಕೆ ಬಂದ ಯೆಹೋವಾಷ ಜೆರುಸಲೇಮಿನ ದೇವಾಲಯದ ಬಿರುಕು ನೋಡಿ, ಗುರುತಿನವರಿಂದ ಹಣ ಎತ್ತಿ ದುರಸ್ತಿ ಮಾಡಿಸಿ ಎಂದು ಯಾಜಕರಿಗೆ ಅಪ್ಪಣೆ ಕೊಟ್ಟ. ಅವನ ಆಳ್ವಿಕೆಯ 23ನೆಯ ವರ್ಷದಲ್ಲಿ ನೋಡಿದರೆ ಬಿರುಕು ಇದ್ದಲ್ಲೇ ಇತ್ತು. ಸತ್ಯವೇದ ಯಾರನ್ನೂ ಕಳ್ಳ ಎನ್ನುವುದಿಲ್ಲ. ದುರಸ್ತಿ ಆಗಿರಲಿಲ್ಲ ಎಂದಷ್ಟೇ ಬರೆದು ಮುಂದಕ್ಕೆ ಹೋಗುತ್ತದೆ. ಲೆಕ್ಕ ತಪಾಸಣೆಯವರ ಭಾಷೆ ಎಷ್ಟು ಹಳೆಯದು ನೋಡಿ!

ಅರಸ ಕರೆಸಿ ಕೇಳಿದಾಗ ಯಾಜಕರು ಒಂದು ಒಪ್ಪಂದಕ್ಕೆ ಬಂದರು: ಇನ್ನು ಹಣವನ್ನೂ ತೆಗೆದುಕೊಳ್ಳುವುದಿಲ್ಲ, ದುರಸ್ತಿಯನ್ನೂ ಮಾಡಿಸುವುದಿಲ್ಲ. ಇಷ್ಟು ಪ್ರಾಮಾಣಿಕವಾದ ರಾಜೀನಾಮೆಯನ್ನು ನಮ್ಮ ಯಾವ ಜೀರ್ಣೋದ್ಧಾರ ಸಮಿತಿಯೂ ಕೊಟ್ಟ ನೆನಪಿಲ್ಲ. ಆಗ ಯಾಜಕ ಯೆಹೋಯಾದನೇ ಒಂದು ಪೆಟ್ಟಿಗೆ ತಂದು, ಮುಚ್ಚಳಕ್ಕೆ ತೂತು ಕೊರೆದು, ಒಳಗೆ ಬರುವವರ ಬಲಗಡೆ ಯಜ್ಞವೇದಿಯ ಪಕ್ಕದಲ್ಲಿ ಇಟ್ಟ. ತೂತಿನ ಗುಣವೇನೆಂದರೆ ಅದರಲ್ಲಿ ಹಣ ಇಳಿಯುತ್ತದೆ, ಕೈ ಇಳಿಯುವುದಿಲ್ಲ. ಪೆಟ್ಟಿಗೆ ತುಂಬಿದಾಗ ಎಣಿಸಲು ಮಹಾಯಾಜಕನೊಬ್ಬನೇ ಕೂರಲಿಲ್ಲ, ಜೊತೆಗೆ ಅರಮನೆಯ ಲೇಖಕನೂ ಬಂದ. ಇಬ್ಬರೂ ಸೇರಿ ಎಣಿಸಿ ಚೀಲ ಕಟ್ಟಿದರು. ದುರಸ್ತಿ ನಡೆಯುವಾಗ ಆ ಹಣದಲ್ಲಿ ಬೆಳ್ಳಿ ಬಟ್ಟಲಾಗಲಿ ತುತೂರಿಯಾಗಲಿ ಮಾಡಿಸಲಿಲ್ಲ. ಮೊದಲು ಮರ, ಕಲ್ಲು, ಬಡಗಿಯ ಕೂಲಿ. ನಮ್ಮಲ್ಲಾದರೆ ಸೋರುವ ಚಾವಣಿಯ ಕೆಳಗೇ ದಾನಿಗಳ ಹೆಸರಿನ ಗ್ರಾನೈಟ್ ಫಲಕ ಮೊದಲು ಏಳುತ್ತದೆ.

ಇನ್ನು 15ನೆಯ ವಚನ. ಕೆಲಸಗಾರರಿಗೆ ಕೂಲಿ ಹಂಚಲು ಹಣ ಪಡೆದವರಿಂದ ಯಾರೂ ಲೆಕ್ಕ ಕೇಳಲಿಲ್ಲವಂತೆ, ಅವರು ನಂಬಿಗಸ್ತರಾಗಿದ್ದರಂತೆ. ಅಂದರೆ ಯಾಜಕರ ಕೈಗೆ ತೂತಿನ ಪೆಟ್ಟಿಗೆ, ಮೇಸ್ತ್ರಿಯ ಕೈಗೆ ನಂಬಿಕೆ. ನಾವು ಇದನ್ನು ಅಚ್ಚುಕಟ್ಟಾಗಿ ತಿರುಗಿಸಿಕೊಂಡಿದ್ದೇವೆ. ಗಾರೆ ಮೇಸ್ತ್ರಿ ಮೂರು ಕೊಟೇಷನ್ ತರಬೇಕು, ಜಲ್ಲಿಯ ಬಿಲ್ಲು ಕೊಡಬೇಕು, ಖಾಲಿ ಸಿಮೆಂಟ್ ಚೀಲ ಎಣಿಸಿ ತೋರಿಸಬೇಕು. ಖಜಾಂಚಿಗೆ ಶಾಲು, ಹಾರ. ಲೆಕ್ಕ ಕೇಳಿದವನಿಗೆ ಭಕ್ತಿ ಸಾಲದು ಎಂಬ ಬಿರುದು.

ಭಕ್ತಿಗೂ ಲೆಕ್ಕಕ್ಕೂ ವೈರ ಎನ್ನುವವರಿಗೆ ಸತ್ಯವೇದದ ಎಜ್ರನನ್ನು ಪರಿಚಯಿಸಬೇಕು. ಬಾಬಿಲೋನಿನಿಂದ ಜೆರುಸಲೇಮಿಗೆ 650 ತಲಾಂತು ಬೆಳ್ಳಿ, 100 ತಲಾಂತು ಬಂಗಾರ ಸಾಗಿಸಬೇಕಿತ್ತು. ಒಂದು ತಲಾಂತೆಂದರೆ ಸುಮಾರು 30 ಕಿಲೋ. ದಾರಿಯಲ್ಲಿ ಕಳ್ಳಕಾಕರ ಭಯ. ಆದರೂ ನಮ್ಮ ದೇವರು ಕಾಯುತ್ತಾನೆ ಎಂದು ಅರಸನೆದುರು ಹೇಳಿಬಿಟ್ಟಿದ್ದರಿಂದ ಪಹರೆ ಕೇಳಲು ಎಜ್ರನಿಗೆ ನಾಚಿಕೆಯಾಯಿತು. ಸೈನಿಕರು ಬೇಡವೆಂದ ಅದೇ ಭಕ್ತ, ಹೊರಡುವಾಗ ಅಷ್ಟನ್ನೂ ಯಾಜಕರಿಗೆ ತೂಕಮಾಡಿ ಒಪ್ಪಿಸಿದ. ಜೆರುಸಲೇಮಿಗೆ ಬಂದ ನಾಲ್ಕನೆಯ ದಿನ ಮತ್ತೆ ತೂಕವಾಯಿತು, ಎಣಿಕೆಯಾಯಿತು, ಬರಹಕ್ಕೂ ಇಳಿಯಿತು. ದರೋಡೆಕೋರರನ್ನು ನೋಡಿಕೊಳ್ಳಲು ದೇವರು ಸಾಕು, ಯಾಜಕರಿಗೆ ತಕ್ಕಡಿ ಬೇಕು!

ಹಾಗಾದರೆ ಎಲ್ಲವನ್ನೂ ಸರ್ಕಾರವೇ ವಹಿಸಿಕೊಳ್ಳಲಿ ಎಂದು ಯಾರೋ ಹಿಂದಿನ ಸಾಲಿನಿಂದ ಕೂಗುತ್ತಿರಬಹುದು. ಅವರು ದಯವಿಟ್ಟು ಅರಸುಗಳ ಅದೇ ಅಧ್ಯಾಯದ 18ನೆಯ ವಚನದವರೆಗೆ ಓದಬೇಕು. ಅರಾಮಿನ ಅರಸ ಹಜಾಯೇಲ ದಂಡೆತ್ತಿ ಬಂದಾಗ, ತನ್ನ ಪಿತೃಗಳೂ ತಾನೂ ದೇವರಿಗೆ ಮೀಸಲಿಟ್ಟಿದ್ದ ವಸ್ತುಗಳನ್ನೂ ದೇವಾಲಯದ ಭಂಡಾರದ ಬಂಗಾರವನ್ನೂ ಎತ್ತಿ ಅವನಿಗೆ ಕಳಿಸಿಕೊಟ್ಟವನು ಇದೇ ಯೆಹೋವಾಷ. ಯಾಜಕರನ್ನು ಕರೆಸಿ ಲೆಕ್ಕ ಕೇಳಿದ ಅರಸನನ್ನು ಕರೆಸಿ ಕೇಳುವವರು ಯಾರೂ ಇರಲಿಲ್ಲ.