ಆಂಗ್ಲದೇಶೀಯ ಹೋಟೆಲು ಮೀಮಾಂಸೆ

ಶಾಸ್ತ್ರಗ್ರಂಥವನ್ನು ಆರಂಭಿಸುವವನು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕು ಅನುಬಂಧಗಳನ್ನು ಮೊದಲಲ್ಲಿಯೇ ನಿರೂಪಿಸತಕ್ಕದ್ದೆಂಬುದು ಪ್ರಾಚೀನರ ಕಟ್ಟಳೆಯಾದುದರಿಂದ, ನಾನೂ ಆ ಪದ್ಧತಿಯನ್ನು ಅನುಸರಿಸಿ ನಿವೇದಿಸುವುದೇನೆಂದರೆ: ಈ ಪ್ರಬಂಧದ ವಿಷಯವು, ಬ್ರಿಟನ್ನಿಗೆ ಆಶ್ರಯ ಕೋರಿ ಬಂದ ಪರದೇಶೀಯರನ್ನು ಸರ್ಕಾರದ ಖರ್ಚಿನಲ್ಲಿ ಹೋಟೆಲುಗಳಲ್ಲಿ ಇರಿಸುವುದು ಮತ್ತು ಆ ಇರಿಸುವಿಕೆಯನ್ನು ಕುರಿತು ಅಲ್ಲಿಯ ಪ್ರಜೆಗಳು ಹಗಲಿರುಳು ನಡೆಸುತ್ತಿರುವ ವಾಗ್ವಾದ, ಪ್ರಯೋಜನವು, ಅಪಾರ ದ್ರವ್ಯವನ್ನು ವೆಚ್ಚಮಾಡಿ ಇದ್ದವರನ್ನೂ ಬಂದವರನ್ನೂ ಏಕಕಾಲದಲ್ಲಿ ಅತೃಪ್ತರನ್ನಾಗಿ ಮಾಡುವ ವಿದ್ಯೆಯ ರಹಸ್ಯವನ್ನು ಲೋಕಕ್ಕೆ ತಿಳಿಸುವುದು, ಸಂಬಂಧವು ಗುತ್ತಿಗೆಯ ಸಂಬಂಧ, ಇನ್ನು ಅಧಿಕಾರಿಯ ವಿಚಾರವಾಗಿ ಹೇಳುವುದಾದರೆ, ತಾಳ್ಮೆಯುಳ್ಳ ಯಾವ ಓದುಗನಾದರೂ ಈ ಶಾಸ್ತ್ರಕ್ಕೆ ಅಧಿಕಾರಿಯೇ, ಆದರೆ ಆ ದೇಶದ ಗೃಹ ಇಲಾಖೆಯವರಿಗೆ ಮಾತ್ರ ವಿನಾಯಿತಿಯುಂಟು, ಏಕೆಂದರೆ 2023ರ ಜೂನ್ ತಿಂಗಳಲ್ಲಿ ಮೊದಲ ತೀರ್ಮಾನಕ್ಕಾಗಿ ಕಾಯುತ್ತಿದ್ದವರ ಸಂಖ್ಯೆಯೇ ಅಲ್ಲಿ 1,75,000ವನ್ನು ಮೀರಿದ್ದು, ಓದಬೇಕಾದ ಕಾಗದಗಳಿಗೆ ಅವರಲ್ಲಿ ಕೊರತೆಯಿಲ್ಲ.

ಮೊದಲು ಪದಾರ್ಥನಿರ್ಣಯ. ಹೋಟೆಲೆಂಬುದು ಯಾವುದು? ಹಣ ಕೊಡುವವನೇ ಮಲಗುವವನಾಗಿರುವ ಸ್ಥಳವೆಂದು ಪಾಮರರು ಉತ್ತರ ಕೊಡುವರು. ಪಂಡಿತರಿಗೆ ಇಷ್ಟು ಸಾಲದು. ಇಂಗ್ಲೆಂಡಿನ ಭೂಬಳಕೆಯ ವರ್ಗಗಳನ್ನು ವಿಧಿಸುವ 1987ರ ಆಜ್ಞೆಯಂತೆ ಹೋಟೆಲು ಸಿ1 ಎಂಬ ವರ್ಗಕ್ಕೆ ಸೇರಿದುದು. ಹಾಸ್ಟೆಲ್ಲೂ ಮೊದಲು ಅದೇ ಪಂಕ್ತಿಯಲ್ಲಿ ಕುಳಿತಿದ್ದು, 1994ರಲ್ಲಿ ಪಂಕ್ತಿಯಿಂದ ಎಬ್ಬಿಸಲ್ಪಟ್ಟು ಯಾವ ವರ್ಗಕ್ಕೂ ಸಲ್ಲದ ಏಕಾಕಿಯಾಗಿ ಉಳಿಯಿತು. ಹೀಗಿರಲಾಗಿ, ಪ್ರವಾಸಿಗಳು ಒಬ್ಬರೂ ಇಲ್ಲದ, ಬಾಡಿಗೆಯನ್ನು ಕೇಳಿ ಬಂದವರಿಗೆ ಬಾಗಿಲು ತೆರೆಯದ, ಒಳಗಿರುವವರು ತಾವಾಗಿ ಆರಿಸಿಕೊಳ್ಳದ ಕಟ್ಟಡವು ಹೋಟೆಲೇ ಆಗಿ ಉಳಿಯಿತೋ ಅಥವಾ ಅನುಮತಿಯಿಲ್ಲದೆ ಬೇರೆ ವರ್ಗವನ್ನು ಸೇರಿತೋ ಎಂಬ ಸಂದೇಹವು ಏಳುವುದು ಸಹಜವೇ. 2022ರಲ್ಲಿ ಇಪ್ಸ್‌ವಿಚ್ ನಗರಸಭೆಯು ವರ್ಗವು ಬದಲಾಯಿತೆಂಬ ವಾದವನ್ನು ಹೂಡಿ ಸೋತಿತು. ಕಡಲ ತೀರದ ಗ್ರೇಟ್ ಯಾರ್‌ಮತ್ ಅದೇ ವಾದವನ್ನು ಹೂಡಿ ಗೆದ್ದಿತು, ಏಕೆಂದರೆ ಸಮುದ್ರಕ್ಕೆ ಮುಖಮಾಡಿದ ಹೋಟೆಲುಗಳನ್ನು ಪ್ರವಾಸಿಗಳಿಗೆಂದೇ ಕಾಪಾಡಬೇಕೆಂಬ ನಿಯಮವು ಅದರ ಸ್ಥಳೀಯ ಯೋಜನೆಯಲ್ಲಿ ಮೊದಲೇ ಇತ್ತು. ಆದಕಾರಣ ಕಟ್ಟಡದ ಸ್ವರೂಪವು ಒಳಗೆ ಮಲಗಿದವನ ಸ್ವಭಾವದಿಂದ ನಿರ್ಣೀತವಾಗದೆ ಕಿಟಕಿಗೆ ಸಮುದ್ರವು ಕಾಣುವುದೋ ಇಲ್ಲವೋ ಎಂಬುದರಿಂದ ನಿರ್ಣೀತವಾಗುವುದೆಂದು ನಾವು ಸಿದ್ಧಾಂತ ಮಾಡಬಹುದು.

ಈ ಶಾಸ್ತ್ರದ ಮಹಾವಿವಾದವು ನಡೆದುದು ಲಂಡನ್ನಿನ ಈಶಾನ್ಯಕ್ಕಿರುವ ಎಪ್ಪಿಂಗ್ ಎಂಬ ಊರಿನ ಬೆಲ್ ಹೋಟೆಲಿನಲ್ಲಿ. ಆ ಹೋಟೆಲಿನಲ್ಲಿ ಇರಿಸಿದ್ದ ಆಶ್ರಯಾರ್ಥಿಯೊಬ್ಬನು 2025ರ ಬೇಸಗೆಯಲ್ಲಿ ಹದಿನಾಲ್ಕು ವರ್ಷದ ಬಾಲಕಿಯ ಮೇಲೆ ಲೈಂಗಿಕ ಅಪರಾಧವನ್ನು ಎಸಗಿ, ಮುಂದೆ ಶಿಕ್ಷೆಗೂ ಗುರಿಯಾದನು. ಆ ಮಗುವಿನ ತಂದೆತಾಯಿಗಳಿಗೂ ಊರವರಿಗೂ ಉಂಟಾದ ಕ್ರೋಧವು ನ್ಯಾಯವಾದುದೇ ಆಗಿದ್ದು, ಅಲ್ಲಿ ಅಣಕಕ್ಕೆ ಎಡೆಯಿಲ್ಲ. ಅಣಕಕ್ಕೆ ಯೋಗ್ಯವಾದುದು ರಾಜ್ಯಯಂತ್ರದ ವರ್ತನೆ. ಅದೇ ಅಪರಾಧಿಯನ್ನು ಅಕ್ಟೋಬರಿನಲ್ಲಿ ಸೆರೆಮನೆಯವರು ಕೈತಪ್ಪಿ ಬಿಟ್ಟುಬಿಟ್ಟರು. ಎರಡು ದಿನ ಹುಡುಕಿ ಹಿಡಿದರು. ಗಲಾಟೆಯಿಲ್ಲದೆ ವಿಮಾನ ಹತ್ತಲೆಂದು 500 ಪೌಂಡುಗಳನ್ನು ಕೈಗಿತ್ತು ಸ್ವದೇಶಕ್ಕೆ ಕಳುಹಿದರು. ಅನುಮತಿಯಿಲ್ಲದ ಬಳಕೆಯೆಂಬ ಹಿಂದಿನ ವಾದವನ್ನೇ ಹಿಡಿದು ಹೂಡಿದ ಹೋಟೆಲಿನ ವ್ಯಾಜ್ಯವೋ ಇದಕ್ಕೂ ಮಿಗಿಲಾದ ಗಾಂಭೀರ್ಯದಿಂದ ಸಾಗಿತು. ಆಗಸ್ಟ್ 19ರಂದು ಹೈಕೋರ್ಟು ತಾತ್ಕಾಲಿಕ ತಡೆಯಾಜ್ಞೆಯನ್ನಿತ್ತು, ಸೆಪ್ಟೆಂಬರ್ 12ರೊಳಗೆ ಹೋಟೆಲು ತೆರವಾಗಬೇಕೆಂದಿತು. ಆಗಸ್ಟ್ 29ರಂದೇ ಅಪೀಲು ನ್ಯಾಯಾಲಯವು ಆ ಆಜ್ಞೆಯನ್ನು ರದ್ದುಪಡಿಸಿತು. ನವೆಂಬರಿನಲ್ಲಿ ಶಾಶ್ವತ ತಡೆಯಾಜ್ಞೆಯೂ ನಿರಾಕರಿಸಲ್ಪಟ್ಟಿತು. ನನಗೆ ಅತ್ಯಂತ ಸ್ವಾರಸ್ಯವಾಗಿ ತೋರಿದ ಪ್ರಮಾಣವಾಕ್ಯವು ಮಾಲೀಕರ ಪರ ವಕೀಲರದು: ದುಡ್ಡು ತೆತ್ತು ಬರುವ ಗಿರಾಕಿಗಳಿಗೆ ಬಾಗಿಲು ತೆರೆದಿದ್ದ 2022ರ ಆಗಸ್ಟಿನಲ್ಲಿ ಆ ಹೋಟೆಲಿನ ಕೋಣೆಗಳಲ್ಲಿ ತುಂಬಿದ್ದುದು ನೂರಕ್ಕೆ ಒಂದು ಪಾಲು ಮಾತ್ರವಂತೆ. ಹೋಟೆಲಾಗಿದ್ದಾಗ ಖಾಲಿಯಾಗಿದ್ದ ಹೋಟೆಲು, ಹೋಟೆಲಲ್ಲವೆಂಬ ಆಪಾದನೆಗೆ ಗುರಿಯಾದ ಮೇಲೆ ಭರ್ತಿಯಾಯಿತು.

ಇನ್ನು ಪ್ರಮಾಣವಿಚಾರ. ಪ್ರತ್ಯಕ್ಷ, ಅನುಮಾನ, ಶಬ್ದ ಎಂಬ ಮೂರರಲ್ಲಿ ಹೋಟೆಲುವಾದಿಗಳು ಅವಲಂಬಿಸಿರುವುದು ಬಹುಮಟ್ಟಿಗೆ ಶಬ್ದವನ್ನೇ. ಒಳಗಿರುವವರು ನಕ್ಷತ್ರಾಂಕಿತ ಹೋಟೆಲಿನ ಸುಖದಲ್ಲಿ ಓಲಾಡುತ್ತಿರುವರೆಂಬ ವೈಭವವಾದವು ಬಾಯಿಂದ ಬಾಯಿಗೆ ಹರಡುತ್ತ ಹೋದಂತೆ ನಕ್ಷತ್ರಗಳೂ ಒಂದೊಂದಾಗಿ ಏರುತ್ತ ಹೋಗುವುವು. ಒಳಹೊಕ್ಕು ನೋಡಿದವನಿಗೆ ಕಾಣುವುದಾದರೋ ಬೇರೆ. 2023ರ ಜೂನಿನಲ್ಲಿ ಲಂಡನ್ನಿನ ಪಿಮ್ಲಿಕೋ ಎಂಬಲ್ಲಿ ಒಂದೊಂದು ಕೋಣೆಗೆ ನಾಲ್ಕು ನಾಲ್ಕು ಜನ ಅಪರಿಚಿತರು ಮಲಗಬೇಕೆಂದಾಗ, ಆ ಸೌಖ್ಯವನ್ನು ತಾಳಲಾರದೆ ಹಲವರು ಹಾಸಿಗೆಯನ್ನು ಬಿಟ್ಟು ಹೊರಗಿನ ಕಾಲುದಾರಿಯ ಮೇಲೆ ರಾತ್ರಿಯನ್ನು ಕಳೆದರು. ಅಡಿಗೆಮನೆಯಿಲ್ಲ, ಊಟವು ಗುತ್ತಿಗೆದಾರನಿಂದ ಡಬ್ಬಿಯಲ್ಲಿ ಬರುವುದು. ಹೀಗೆ ಊಟ ಒದಗುವವರಿಗೆ ಸರ್ಕಾರವು 2024ರಲ್ಲಿ ಕೊಡುತ್ತಿದ್ದ ಕೈಖರ್ಚು ವಾರಕ್ಕೆ 8 ಪೌಂಡು 86 ಪೆನ್ಸ್. ಲಂಡನ್ನಿನ ಬಸ್ಸನ್ನು ಒಂದು ಸಲ ಹತ್ತಲು ಆಗ 1 ಪೌಂಡು 75 ಪೆನ್ಸ್ ಬೇಕಾಗಿದ್ದುದರಿಂದ, ವಕೀಲನನ್ನು ಕಾಣುವುದಕ್ಕೋ ವೈದ್ಯನನ್ನು ಕಾಣುವುದಕ್ಕೋ ವಾರದಲ್ಲಿ ಐದು ಸಲ ಬಸ್ಸನ್ನೇರಿದರೆ 11 ಪೆನ್ಸ್ ಮಿಗುತ್ತಿತ್ತು. ಆದರೆ ಐದೆಂಬುದು ವಿಷಮಸಂಖ್ಯೆಯಾದ ಕಾರಣ ಮೂರನೆಯ ಸಲ ಹೋದವನು ಹಿಂದಿರುಗುವುದು ಕಾಲ್ನಡಿಗೆಯಿಂದಲೇ. ಸಾಬೂನು, ಟೆಲಿಫೋನು, ಮಗುವಿನ ಬಿಸ್ಕತ್ತು ಇವುಗಳನ್ನು ಆ 11 ಪೆನ್ಸಿನಲ್ಲಿ ಹೊಂದಿಸುವುದು ಉನ್ನತ ಗಣಿತಕ್ಕೆ ಸೇರಿದ ವಿಷಯ.

ಆದರೆ ವೈಭವವಾದಿಯನ್ನು ಪೂರ್ತಿಯಾಗಿ ಅಲ್ಲಗಳೆಯುವುದೂ ನ್ಯಾಯವಲ್ಲ. 2025ರ ಮಾರ್ಚಿನಲ್ಲಿ ಒಬ್ಬ ಮನುಷ್ಯನನ್ನು ಒಂದು ರಾತ್ರಿ ಹೋಟೆಲಿನಲ್ಲಿ ಇರಿಸಲು ಸರ್ಕಾರಕ್ಕೆ ತಗಲುತ್ತಿದ್ದ ವೆಚ್ಚವು ಸರಾಸರಿ 118 ಪೌಂಡು 87 ಪೆನ್ಸ್. ವೈಭವವು ಇದೆ, ಅದು ಯಾರ ಬಳಿ ಇದೆಯೆಂಬುದೇ ಪ್ರಶ್ನೆ. ಬೆಂಕಿಯಿರುವ ಬೆಟ್ಟವೊಂದು, ಹೊಗೆ ಕಾಣುವ ಬೆಟ್ಟವೊಂದು ಆಗಿರುವುದು ಈ ಶಾಸ್ತ್ರದ ವಿಶೇಷ.

ಈಗ ಬಂಧಪ್ರಕರಣವನ್ನು ನೋಡೋಣ. ನಮ್ಮ ಹಳೆಯ ಛತ್ರಗಳಲ್ಲಿ ಮೂರು ದಿನ ಕಳೆದ ಮೇಲೂ ಉಳಿದ ಪಥಿಕನ ಗಂಟುಮೂಟೆಯ ಕಡೆಗೆ ಪಾರುಪತ್ಯಗಾರನು ಬಹು ವಿನಯದಿಂದ ಕಣ್ಣು ಹಾಯಿಸುತ್ತಿದ್ದನು. ಅಲ್ಲಿಯೋ, ಹೊರಡೆಂದು ಹೇಳಬೇಕಾದವನೇ ಕಾಯೆಂದು ಹೇಳುವವನು. ಅರ್ಜಿಯ ತೀರ್ಮಾನವಾಗುವವರೆಗೆ ಆಶ್ರಯಾರ್ಥಿಯು ದುಡಿಯಕೂಡದು. ಹನ್ನೆರಡು ತಿಂಗಳು ಕಳೆದು, ವಿಳಂಬವು ತನ್ನ ತಪ್ಪಿನಿಂದ ಆದುದಲ್ಲವೆಂದು ತೋರಿದ ಮೇಲೆ ದುಡಿಮೆಗೆ ಅನುಮತಿಯನ್ನು ಬೇಡಬಹುದು. ಅನುಮತಿ ದೊರೆತರೂ ಸರ್ಕಾರದ ಪಟ್ಟಿಯಲ್ಲಿರುವ ವೃತ್ತಿಗಳನ್ನು ಮಾತ್ರ ಹಿಡಿಯಬೇಕಾಗಿತ್ತು. 2024ರ ಆ ಪಟ್ಟಿಯಲ್ಲಿ ಇಟ್ಟಿಗೆ ಕಟ್ಟುವ ಗಾರೆಯವರಿದ್ದರು, ಕಲ್ಲುಕುಟಿಗರಿದ್ದರು, ಮತ್ತು ಅಂತರರಾಷ್ಟ್ರೀಯ ಮನ್ನಣೆಯುಳ್ಳ ನೃತ್ಯಸಂಸ್ಥೆಗಳ ಮಟ್ಟವನ್ನು ಮುಟ್ಟಿದ ಬ್ಯಾಲೆ ನರ್ತಕರಿದ್ದರು. ಹೋಟೆಲಿನ ಪಾತ್ರೆ ತೊಳೆಯುವ ಕೆಲಸವು ಅದರಲ್ಲಿ ಇರಲಿಲ್ಲ. ತಾನು ಮಲಗುವ ಕೋಣೆಯನ್ನು ಸಂಬಳಕ್ಕೆ ಗುಡಿಸಲು ಅನರ್ಹನಾದವನಿಗೆ ಹಂಸನೃತ್ಯದ ದ್ವಾರವು ತೆರೆದಿತ್ತೆಂಬುದನ್ನು ಕಂಡು, ಆ ರಾಷ್ಟ್ರದ ಕಲಾಭಿಮಾನಕ್ಕೆ ಯಾರು ತಾನೆ ತಲೆಬಾಗರು? ಇಷ್ಟಾದ ಮೇಲೆ, ಹೀಗೆ ಬಲವಂತವಾಗಿ ಹೇರಿದ ಸೋಮಾರಿತನವನ್ನು ಅವನ ಸಹಜ ಗುಣವೆಂದು ಬೀದಿಯಲ್ಲಿ ನಿಂತು ಸಾರುವವರಿಗೂ ಕೊರತೆಯಿಲ್ಲ.

ಮೋಕ್ಷಪ್ರಕರಣವು ಸಂಕ್ಷೇಪವಾದುದು. ಅರ್ಜಿಯು ಸಿದ್ಧಿಸಿ ನೀನು ನಿಜವಾದ ಶರಣಾಗತನೇ ಹೌದೆಂದು ರಾಜ್ಯವು ಒಪ್ಪಿಕೊಂಡ ಬಳಿಕ, ಗೊತ್ತುಪಡಿಸಿದ ಕೆಲವೇ ವಾರಗಳಲ್ಲಿ ಅವನು ಕೋಣೆಯನ್ನು ಬಿಟ್ಟು ಹೊರಬೀಳತಕ್ಕದ್ದು. ಆ ಅವಧಿಯಲ್ಲಿ ಕೆಲಸ, ಬ್ಯಾಂಕಿನ ಖಾತೆ, ಬಾಡಿಗೆಯ ಮನೆ ಮೂರೂ ಒದಗದೆ ಹೋದವನು ಬೀದಿಯ ಪಾಲಾಗುತ್ತಾನೆ. ಸಂದೇಹವಿದ್ದಷ್ಟು ಕಾಲ ಸೂರು, ಸಂದೇಹ ನಿವೃತ್ತಿಯಾದೊಡನೆ ಆಕಾಶ.

ಬಂಧಮೋಕ್ಷಗಳೆರಡಕ್ಕೂ ಅತೀತವಾಗಿ ಉಳಿಯುವ ತತ್ತ್ವವೊಂದಿದೆ, ಅದು ಗುತ್ತಿಗೆ. 2019ರಲ್ಲಿ ಮೂರು ಸಂಸ್ಥೆಗಳಿಗೆ ಹತ್ತು ವರ್ಷಗಳ ಅವಧಿಗೆ ಈ ವಸತಿಯ ಹೊಣೆಯನ್ನು ವಹಿಸಿದಾಗ ಅಂದಾಜು ಮಾಡಿದ್ದ ವೆಚ್ಚ 450 ಕೋಟಿ ಪೌಂಡು. ಅದು 1,530 ಕೋಟಿಯನ್ನು ಮುಟ್ಟುವುದೆಂದು ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿಯು 2025ರ ಮೇ ತಿಂಗಳಲ್ಲಿ ಹೇಳಿತು. ಆಗ ವಸತಿ ಪಡೆದವರಲ್ಲಿ ಹೋಟೆಲಿನವರು ನೂರಕ್ಕೆ 35 ಮಂದಿ, ಗುತ್ತಿಗೆಯ ಹಣದಲ್ಲಿ ಹೋಟೆಲು ನುಂಗುತ್ತಿದ್ದುದು ನೂರಕ್ಕೆ 76 ಪಾಲು. ಸಾಧಾರಣ ಮನೆಗಳು ದುರ್ಲಭವಾದಷ್ಟೂ, ಕಡತಗಳು ನಿಧಾನವಾದಷ್ಟೂ, ತಿರಸ್ಕೃತರ ಮೇಲ್ಮನವಿಗಳು ಬೆಳೆದಷ್ಟೂ ಕೋಣೆಗಳು ತುಂಬಿರುವುವು. ಕೋಣೆಗಳು ತುಂಬಿರುವಷ್ಟು ದಿನ ಬಿಲ್ಲು ಏರುವುದು. ವಿಳಂಬವನ್ನು ರಾತ್ರಿಯ ಲೆಕ್ಕದಲ್ಲಿ ಮಾರುವ ಈ ವ್ಯಾಪಾರಕ್ಕೆ ಬೀದಿಯ ಘೋಷಣೆಯಾಗಲಿ ಪಾರ್ಲಿಮೆಂಟಿನ ಭಾಷಣವಾಗಲಿ ಇದುವರೆಗೆ ಧಕ್ಕೆ ತಂದುದನ್ನು ಕಾಣೆ. ಇದರೊಡನೆ ಇನ್ನೊಂದು ಚಮತ್ಕಾರವನ್ನೂ ಗಮನಿಸಬೇಕು. ಆಶ್ರಯಾರ್ಥಿಯ ಮೊದಲ ಹನ್ನೆರಡು ತಿಂಗಳ ಖರ್ಚನ್ನು ವಿದೇಶೀ ನೆರವೆಂದು ಬರೆದುಕೊಳ್ಳಲು ಅಂತರರಾಷ್ಟ್ರೀಯ ನಿಯಮವು ಅವಕಾಶ ಕೊಟ್ಟಿರುವುದರಿಂದ, 2023ರಲ್ಲಿ ಬ್ರಿಟನ್ನು ಬಡರಾಷ್ಟ್ರಗಳಿಗೆಂದು ಎತ್ತಿಟ್ಟ ನೆರವಿನಲ್ಲಿ ಸುಮಾರು ನೂರಕ್ಕೆ 28 ಪಾಲು, ಎಂದರೆ 430 ಕೋಟಿ ಪೌಂಡು, ಬ್ರಿಟನ್ನಿನೊಳಗೇ ವ್ಯಯವಾಯಿತು. ದಾನಿಯೂ ಪ್ರತಿಗ್ರಾಹಿಯೂ ಒಬ್ಬನೇ ಆಗಿರುವ ಈ ಸ್ಥಿತಿಗೆ ಅದ್ವೈತವೆಂದಲ್ಲದೆ ಬೇರೆ ಹೆಸರನ್ನು ನಾನು ಕಾಣೆ.

ಹೋಟೆಲಿಗೆ ಪರ್ಯಾಯಗಳನ್ನು ಅರಸಿದ ಕಥೆಯನ್ನು ಬೇಗನೆ ಮುಗಿಸುತ್ತೇನೆ. ಡಾರ್ಸೆಟ್ಟಿನ ಪೋರ್ಟ್‌ಲೆಂಡಿನಲ್ಲಿ ಬಿಬ್ಬಿ ಸ್ಟಾಕ್‌ಹೋಮ್ ಎಂಬ ತೇಲುವ ವಸತಿಯನ್ನು ತಂದು ನಿಲ್ಲಿಸಿದರು. 2023ರ ಆಗಸ್ಟಿನಲ್ಲಿ ಜನ ಹತ್ತಿದ ಕೆಲವೇ ದಿನಗಳಲ್ಲಿ ನೀರಿನಲ್ಲಿ ಲೀಜಿಯೊನೆಲ್ಲಾ ರೋಗಾಣು ಕಂಡುಬಂದು ಎಲ್ಲರನ್ನೂ ಇಳಿಸಬೇಕಾಯಿತು. ಬೆಕ್ಸ್‌ಹಿಲ್ಲಿನ ನಾರ್ತ್‌ಐ ಎಂಬ ಹಳೆಯ ಸೆರೆಮನೆಯನ್ನು, ಮಾರಿದವನು ಒಂದು ವರ್ಷದ ಹಿಂದೆ 63 ಲಕ್ಷ ಪೌಂಡಿಗೆ ಕೊಂಡಿದ್ದುದನ್ನು, ಸರ್ಕಾರವು 154 ಲಕ್ಷ ಕೊಟ್ಟು ಕೊಂಡಿತು. ಅದರಲ್ಲಿ ಒಬ್ಬ ಆಶ್ರಯಾರ್ಥಿಯೂ ಒಂದು ರಾತ್ರಿಯೂ ಮಲಗಲಿಲ್ಲ. ಆಶ್ರಯಾರ್ಥಿಗಳನ್ನು ಆಫ್ರಿಕಾದ ರುವಾಂಡಾಕ್ಕೆ ಸಾಗಿಸುವ ಯೋಜನೆಗೆ 70 ಕೋಟಿ ಪೌಂಡು ಕರಗಿ, ಹೋದವರು ತಾವಾಗಿ ಒಪ್ಪಿದ ನಾಲ್ವರು. ಇವುಗಳೊಡನೆ ತೂಗಿದರೆ ಹೋಟೆಲು ಮಿತವ್ಯಯದ ಮಾದರಿ.

ಪರಿಹಾಸವನ್ನು ಒಂದು ಗಳಿಗೆ ಬದಿಗಿಟ್ಟು ಹೇಳಬೇಕಾದ ಮಾತೊಂದಿದೆ. 2024ರ ಆಗಸ್ಟ್ 4ರಂದು ರಾದರ್‌ಹ್ಯಾಮಿನ ಬಳಿಯ ಮ್ಯಾನ್ವರ್ಸ್‌ನಲ್ಲಿ ಗುಂಪೊಂದು ಹೋಟೆಲನ್ನು ಮುತ್ತಿ, ಕಿಟಕಿಗಳನ್ನು ಒಡೆದು, ಕಸದ ತೊಟ್ಟಿಗೆ ಕಿಚ್ಚಿಟ್ಟು ಬಾಗಿಲಿಗೆ ಒತ್ತರಿಸಿತು. ಒಳಗೆ 200ಕ್ಕೂ ಹೆಚ್ಚು ಜನ ಇದ್ದರು. ಆ ಬಾಗಿಲನ್ನು ಕಾಯುವುದಕ್ಕೆ ನಿಂತವರು ಪೋಲೀಸರು. ಗುತ್ತಿಗೆಯನ್ನು ಬರೆದವರಾಗಲಿ, ಬರೆಸಿಕೊಂಡವರಾಗಲಿ, ಕಡತವನ್ನು ವರ್ಷಗಟ್ಟಲೆ ಕೂಡಿಹಾಕಿದವರಾಗಲಿ ಅಂದು ಆ ಬೀದಿಯಲ್ಲಿ ಇರಲಿಲ್ಲ, ಅವರ ವಿಳಾಸವನ್ನು ಆ ಗುಂಪು ಕೇಳಲೂ ಇಲ್ಲ.

2023ರ ಸೆಪ್ಟೆಂಬರಿನಲ್ಲಿ ಹೋಟೆಲುಗಳಲ್ಲಿದ್ದವರು 56,042 ಮಂದಿ. 2025ರ ಜೂನಿನ ಕೊನೆಗೆ 32,059. ಈಗಿನ ಸರ್ಕಾರವು ಈ ಪಾರ್ಲಿಮೆಂಟಿನ ಅವಧಿ ತೀರುವುದರೊಳಗೆ, ಎಂದರೆ ಹೆಚ್ಚೆಂದರೆ 2029ರೊಳಗೆ, ಹೋಟೆಲುಗಳನ್ನು ಪೂರ್ತಿಯಾಗಿ ಬಿಟ್ಟುಬಿಡುವುದಾಗಿ ವಾಗ್ದಾನ ಮಾಡಿದೆ. ಹತ್ತು ವರ್ಷಗಳ ಗುತ್ತಿಗೆಯೂ 2029ಕ್ಕೇ ಮುಗಿಯತಕ್ಕದ್ದು. ಈ ಮೀಮಾಂಸೆಯ ಉತ್ತರಭಾಗವನ್ನು ಅಪೇಕ್ಷಿಸುವ ವಾಚಕಮಹಾಶಯರು ಅಲ್ಲಿಯವರೆಗೆ ತಮ್ಮ ತಮ್ಮ ಖರ್ಚಿನಲ್ಲಿ ಕಾಯಬೇಕೆಂದು ಪ್ರಾರ್ಥನೆ.