ಗೊರಕಿಗೆ ಗಾಳೀನ ಮದ್ದು

ಗೊರಕಿ ಹೊಡಿಯೋ ಗಂಡಸರಿಗೆ ನಮ್ಮ ಕಡೆ ಭಾಳ ಮರ್ಯಾದಿ ನೋಡ್ರಿ ವೈನಿ. ಬ್ಯಾಸಗ್ಯಾಗ ಮಾಳಗಿ ಮ್ಯಾಲ ಎಲ್ಲಾರೂ ಸಾಲಾಗಿ ಮಲಗಿದ್ರ, ಮುಂಜಾನೆ ಚಹಾ ಕುಡಿಯೂಮುಂದ ಯಾರ ಗೊರಕಿ ಜೋರಿತ್ತು ಅಂತ ಪಂಚಾಯ್ತಿ. "ಪುಣ್ಯಾತ್ಮ, ತಲಿ ಊರಿದ್ರ ಸಾಕು ನಿದ್ದಿ. ಸಾಲ ಇಲ್ಲ, ಚಿಂತಿ ಇಲ್ಲ" ಅಂತ ಹೊಗಳತಾರ. ಮುದ್ದೇಬಿಹಾಳದಾಗ ನಮ್ಮಪ್ಪಗ ಹಂಗ ಅಂತಿದ್ರು. ಇಂಡಿಗೆ ಸೊಸಿಯಾಗಿ ಬಂದ ಮ್ಯಾಲ ನಮ್ಮ ಮನಿಯವ್ರಿಗೂ ಹಂಗ ಅಂದ್ರು. ಸೊಲ್ಲಾಪುರದ ಡಾಕ್ಟರ್ ಒಬ್ರ ಬ್ಯಾರೆ ಅಂದ್ರು: "ಬಾಯಾರ, ಇದು ಸುಖದ ನಿದ್ದಿ ಅಲ್ಲ, ಉಸಿರಿಗೆ ಬಡದಾಟ."

ನಿದ್ದಿ ಹತ್ತಿದ ಕೂಡ್ಲೆ ಗಂಟಲ ಸಡ್ಲ ಆಗತದ, ನಾಲಿಗಿ ಹಿಂದಕ್ಕ ಜಾರತದ, ಉಸಿರಿನ ದಾರಿ ಸಣ್ಣದಾಗತದ. ಆ ಸಣ್ಣ ದಾರ್ಯಾಗ ಗಾಳಿ ನುಗ್ಗಿದ್ರ ಗೊರಕಿ. ದಾರಿ ಪೂರಾ ಮುಚ್ಚಿತು ಅಂದ್ರ ಗೊರಕಿನೂ ಬಂದ್, ಉಸಿರೂ ಬಂದ್. ರಕ್ತದಾಗ ಆಕ್ಸಿಜನ್ ಇಳೀತದ, ಮಿದುಳು ಗಾಬರ್ಯಾಗಿ ಎಬ್ಬಸ್ತದ, ಮನಷಾ ಗೊರ್ ಅಂತ ಉಸಿರು ಎಳಕೊಂಡು ಮತ್ತ ಮಲಗತಾನ. ಮುಂಜಾನೆ ಕೇಳಿದ್ರ "ನನಗ ಎಚ್ಚರಾನ ಆಗಿಲ್ಲ" ಅಂತಾನ. 10 ಸೆಕೆಂಡಾದ್ರೂ ಹಿಂಗ ಉಸಿರು ನಿಂತ್ರ ಒಂದು ಸಲ ಅಂತ ಲೆಕ್ಕ. ತಾಸಿಗೆ 5ರ ಒಳಗ ಇದ್ರ ಚಿಂತಿಲ್ಲ, 15 ದಾಟಿದ್ರ ಮಷೀನಿನ ಮಾತು ಬರ್ತದ, 30 ದಾಟಿದ್ರ ಜಡ್ಡು ಜೋರದ ಅಂತ ಅರ್ಥ. ಅದನ್ನ ಎಣಸಾಕ ನಮ್ಮ ಮನಿಯವ್ರನ್ನ ಎದಿಗೆ ಪಟ್ಟಿ, ಬೆರಳಿಗೆ ಕ್ಲಿಪ್, ಮೂಗಿಗೆ ನಳಿಗಿ ಹಚ್ಚಿ ಒಂದು ರಾತ್ರಿ ಮಲಗಿಸಿದ್ರು. ಇವ್ರದು 30 ದಾಟಿತ್ತು. ಮುಂಜಾನೆ ತಲಿನೋವು ಯಾಕ, ಪೇಪರ್ ಹಿಡಕೊಂಡು ಕುಂತಲ್ಲೆ ತೂಕಡಿಕಿ ಯಾಕ, ಎಷ್ಟು ಗುಳಗಿ ನುಂಗಿದ್ರೂ ಬಿ.ಪಿ. ಯಾಕ ಇಳಿಯವಲ್ದು, ಎಲ್ಲಾದಕ್ಕೂ ಆ ತಪಾಸಣಿ ಕಾಗದದಾಗ ಉತ್ತರ ಇತ್ತು.

ಸುದ್ದಿ ಹಬ್ಬಿದ್ದ ತಡ, ಸುತ್ತ ನಾಕ ತಾಲೂಕಿನ ಬಂಧು ಬಳಗ ಡಾಕ್ಟರ್ ಆದ್ರು. ಇಂಡಿಯವ್ರಿಗೆ ಯಾವ ಬ್ಯಾನಿ ಹೇಳ್ರಿ, ಲಿಂಬಿಹಣ್ಣಿನ ಮ್ಯಾಲ ಬಂದು ನಿಲ್ಲತಾರ: ಬಿಸಿನೀರಾಗ ಹಿಂಡಿ ಜೇನುತುಪ್ಪ ಕೂಡಿಸಿ ಕುಡಿಸು ಅಂದ್ರು. ಬಾಗೇವಾಡಿ ಬೀಗರು, "ರಾತ್ರಿ ಕೊಲ್ಹಾರ ಮೊಸರು ಬಿಡಿಸ್ರಿ, ಕಫಾ ಆಗತದ" ಅಂದ್ರು. ಮೊಸರು ಬಿಡೂದಕ್ಕಿಂತ ಉಸಿರು ಬಿಡೂದ ಸರಳ ಅಂತ ಇವ್ರು. ಸಿಂದಗಿ ಮಾಮಾ ಮೂಗಿಗೆ ಎಣ್ಣಿ ಬಿಡು ಅಂದ. ಮುದ್ದೇಬಿಹಾಳದ ನಮ್ಮಣ್ಣ, ತಾನೂ ಗೊರಕಿ ಪೈಲ್ವಾನ, "ಗಂಡಸಂದ ಮ್ಯಾಲ ಹೊಡೀತಾನ, ಅದಕ್ಕ್ಯಾಕ ರೊಕ್ಕ ಸುರೀತಿ?" ಅಂದ. ತೂಕ ಇಳಿಸಿದ್ರ, ಮಗ್ಗಲಾಗಿ ಮಲಗಿದ್ರ, ರಾತ್ರಿ ಕುಡಿಯೂದು ಬಿಟ್ರ ಖರೇನ ಫರಕ್ ಬೀಳತದಂತ. ಆದ್ರ ಜೋರಿದ್ದಾವ್ರಿಗೆ ಅಷ್ಟ ಸಾಲಂಗಿಲ್ಲ. ಆಗ ಮಗಳು ನೆನಪ ಮಾಡಿದ್ಳು, ಮೈತುಂಬ ಬಂಗಾರ ಹಾಕೋ ಸಂಗೀತಗಾರ ಬಪ್ಪಿ ಲಹಿರಿ 2022ರ ಫೆಬ್ರುವರಿದಾಗ ತೀರಿಕೊಂಡಾಗ ಡಾಕ್ಟರು ಇದ ಜಡ್ಡಿನ ಹೆಸರು ಹೇಳಿದ್ರಂತ. ಲಿಂಬಿಹಣ್ಣಿನ ಮಾತು ಅಲ್ಲಿಗೆ ಮುಗೀತು.

ಸಿಪ್ಯಾಪ್ ಅಂತಾರ್ರಿ ಆ ಮಷೀನಿಗೆ. ಔಷಧ ಇಲ್ಲ, ಆಕ್ಸಿಜನ್ ಸಿಲಿಂಡರ್ ಇಲ್ಲ, ನಮ್ಮ ಖೋಲ್ಯಾಗಿನ ಗಾಳೀನ ಎಳಕೊಂಡು ಸ್ವಲ್ಪ ಒತ್ತಿ ಮೂಗಿಗೆ ಬಿಡತದ. ಆ ಒತ್ತಡದಿಂದ ಗಂಟಲ ಮುಚ್ಚಂಗಿಲ್ಲ. ಒತ್ತಡಾನೂ ಎಷ್ಟು? ನೀರಿನ ಲೆಕ್ಕದಾಗ 4ರಿಂದ 20 ಸೆಂಟಿಮೀಟರ್. 10 ಅಂದ್ರ ಅರ್ಧ ಗೇಣು ನೀರಿನ ಭಾರ, ಅಷ್ಟ. ಮೊದಲ ಈ ಜಡ್ಡು ಜೋರಾದ್ರ ಗಂಟಲಿಗೆ ತೂತು ಕೊರೀತಿದ್ರಂತ. 1980ರಾಗ ಆಸ್ಟ್ರೇಲಿಯಾದ ಸಿಡ್ನಿದಾಗ ಕಾಲಿನ್ ಸಲಿವನ್ ಅನ್ನೋ ಡಾಕ್ಟರು, ಕಸಾ ಎಳಿಯೋ ವ್ಯಾಕ್ಯೂಮ್ ಕ್ಲೀನರಿನ ಮೋಟರ್ ಹಚ್ಚಿ ಉಲ್ಟಾ ಗಾಳಿ ಊದಿಸಿ ನೋಡಿದ್ರು. ಮುಂದಿನ ವರ್ಷ ಐದು ಮಂದಿ ರೋಗಿಗಳ ಹಕೀಕತ್ತು ಲ್ಯಾನ್ಸೆಟ್ ಪತ್ರಿಕ್ಯಾಗ ಬರದ್ರು. ಆವಾಗಿನ ಮಷೀನಿನ ಸಪ್ಪಳಕ್ಕ ಗೊರಕೀನ ಬೇಸಿತ್ತು ಅನಿಸಿರಬೇಕು ಅವ್ರ ಹೆಂಡಂದ್ರಿಗೆ! ಈಗಿನದು ಫ್ಯಾನಿಗಿಂತ ಮೆತ್ತಗ ನಡೀತದ.

ಮಷೀನ್ ತರೂದು ಸರಳ, ರೊಕ್ಕ ಕೊಟ್ರ ಆತು. ಹಾಕ್ಕೊಂಡು ಮಲಗೂದು ಕಷ್ಟ. ಮೊದಮೊದಲು ಇವ್ರು "ನನ್ನ ಉಸಿರು ಕಟ್ಟತದ" ಅಂತ ನಡುರಾತ್ರಿ ಕಿತ್ತು ಒಗೀತಿದ್ರು. ಒಳಗ ಬರೋ ಗಾಳಿಗೆ ಎದುರು ಉಸಿರು ಬಿಡೂದು ರೂಢಿ ಆಗಬೇಕಲ್ರಿ. ಅದಕ್ಕೊಂದು ದಾರಿ ಅದ. ಸೀದಾ ರಾತ್ರೀನ ಸುರು ಮಾಡಬ್ಯಾಡ್ರಿ, ಮೊದಲ ಹಗಲು ಹಾಕ್ಕೊಂಡು ರೂಢಿ ಮಾಡ್ಕೋರಿ. ಮೊದಲ ಮಾಸ್ಕ್ ಅಷ್ಟ ಹಿಡಕೊಂಡು ಟಿ.ವಿ. ಧಾರಾವಾಹಿ ನೋಡೂದು, ಆಮ್ಯಾಲ ಗಾಳಿ ಚಾಲೂ ಮಾಡಿ ನೋಡೂದು, ಆಮ್ಯಾಲ ಮಧ್ಯಾಹ್ನ ಅಡ್ಡಾಗೂದು. ಗಾಳಿ ಮೆತ್ತಗ ಸುರು ಆಗಿ ನಿದ್ದಿ ಹತ್ತಿದ ಮ್ಯಾಲ ಏರೂಹಂಗ ಒಂದು ಬಟನ್ನೂ ಇರ್ತದ. ಮಾಸ್ಕಿನ ಪಟ್ಟಿ ಬಿಗಿದಷ್ಟೂ ಬೇಸಂತ ಇವ್ರ ತಿಳುವಳಿಕಿ. ಬಿಗಿದ್ರ ಮುಖದ ಮ್ಯಾಲ ಬರಿ ಬೀಳತಾವ, ಗಾಳಿ ಹೆಚ್ಚು ಸೋರತದ.

ದೊಡ್ಡ ಜಗಳ ಮೀಸಿ ಮ್ಯಾಲ ಆತು. ಮೀಸಿ ಸಂದ್ಯಾಗ ಗಾಳಿ ಸೋರಿ ಕಣ್ಣಿಗೆ ಬಡೀತಿತ್ತು. "ಮೀಸಿ ತಗೀರಿ" ಅಂದೆ. ಲಗ್ನದಾಗಿನ ಫೋಟೋ ತೋರಿಸಿ "ಇದನ್ನ ನೋಡಿನ ನಿಮ್ಮಪ್ಪ ಹೆಣ್ಣು ಕೊಟ್ಟಾನ" ಅಂದ್ರು. ಕಡೀಕ ಮೂಗಿನ ಹೊಳ್ಳಿಗೆ ಅಷ್ಟ ಕೂಡ್ರೋ ಸಣ್ಣ ಮಾಸ್ಕ್ ಸಿಕ್ತು. ಮೀಸಿ ಉಳೀತು, ಲಗ್ನಾನೂ ಉಳೀತು.

ನಮ್ಮ ಸೀಮ್ಯಾಗ ಮಷೀನಿಗೆ ಮತ್ತೆರಡು ವೈರಿ: ನೀರು, ಕರೆಂಟು. ಗಾಳಿ ಒಣಗಬಾರದಂತ ಅದಕ್ಕೊಂದು ನೀರಿನ ಡಬ್ಬಿ ಇರ್ತದ. ಬೋರಿನ ಸವಳು ನೀರು ಹಾಕಿದ್ರ ಬಿಳೀ ಪದರು ಕಟ್ಟತದ, ಕಾಸಿ ಹಾಕಿದ್ರೂ ಸವಳು ಹೋಗಂಗಿಲ್ಲ. ಡಿಸ್ಟಿಲ್ಡ್ ನೀರ ಬೇಕು. ಕರೆಂಟಿನ ಕಥಿ ಏನು ಹೇಳ್ಲಿ! ಆಲಮಟ್ಟಿದಾಗ 290 ಮೆಗಾವಾಟ್, ಕೂಡಗಿದಾಗ 2400 ಮೆಗಾವಾಟ್, ಎರಡೂ ಹಳೇ ಬಾಗೇವಾಡಿ ಸೀಮ್ಯಾಗ. ಇಲ್ಲಿ ಗಾಳಿ ಬೀಸಿದ್ರ ಸಾಕು, ನಮ್ಮ ಮನಿಯವ್ರ ಗಾಳಿ ಬಂದ್. ಇನ್ವರ್ಟರ್ ಕೂಡಿಸಿದ್ವಿ. ಮಷೀನಿನ ಫಿಲ್ಟರಂತೂ ತೊಗರಿ ರಾಶಿ ದಿನದಾಗ ಕರ್ರಗ ಆಗತದ, ಅದನ್ನೂ ಬದಲಸ್ತಿರಬೇಕು.

ಸಿಂದಗಿ ಲಗ್ನಕ್ಕ ಹೋದಾಗ ಬಟ್ಟಿ ಚೀಲ ಮರ್ತ್ರೂ ಮಷೀನ್ ಮರೀಲಿಲ್ಲ. ಹಾಲಿನ್ಯಾಗ ಹಾಸಿಗಿ ಸಾಲು, ಎಲ್ಲಾರ ಮುಂದ ಹ್ಯಾಂಗ ಹಾಕ್ಕೋಲಿ ಅಂತ ಇವ್ರಿಗೆ ನಾಚಿಕಿ. ಒಂದು ಕೂಸು ಬಂದು ನಳಿಗಿ ನೋಡಿ, "ಅಜ್ಜಾ ಗಣಪತಿ ಆಗ್ಯಾನ" ಅಂತ ಕೈ ಮುಗೀತು. ಎಲ್ಲಾರೂ ನಕ್ಕರು, ಇವ್ರೂ ನಕ್ಕರು, ನಾಚಿಕಿ ಹೋತು. ಮರುದಿನ ಮುಂಜಾನೆ ಹೆಣ್ಮಕ್ಕಳು ಸಾಲುಗಟ್ಟಿ ನನ್ನ ಹತ್ರ ಬಂದ್ರು: ಎಷ್ಟು ಬೀಳತದ, ಎಲ್ಲಿ ಸಿಗತದ, ನಮ್ಮವ್ರಿಗೂ ಆಗತದ ಏನು ಅಂತ. ಗೊರಕಿ ಗಂಡಸರದು, ಅದರ ಲೆಕ್ಕ ಇಟ್ಟಾವ್ರು ಹೆಂಗಸರು. ಡಾಕ್ಟರಿಗೂ ಖರೇ ಹೇಳೋ ಸಾಕ್ಷಿ ನಾವ, ಹೊಡಿಯಾವ ನಿದ್ದ್ಯಾಗ ಇರ್ತಾನಲ್ಲ.

ಈಗ ನಮ್ಮ ಮನಿ ಗಪ್ಪ ಆಗ್ಯದ ವೈನಿ. ಅದಕ್ಕ ಒಂದು ಹೊಸಾ ತ್ರಾಸ ಸುರು ಆಗ್ಯದ. ಗ್ವಾಡಿ ಆಚಿಂದ ನಿಮ್ಮ ಮನಿ ಗೊರಕಿ ಕೇಳಸ್ತದ. ಜೋರು ಬರಲಿ, ಅದಕ್ಕ ನನ್ನ ತಕರಾರಿಲ್ಲ. ನಡುವ ಒಮ್ಮಿಗೆ ನಿಂತು ಬಿಡತದ ನೋಡ್ರಿ, ಅದು ಮತ್ತ ಸುರು ಆಗೂತನಕ ನನಗ ಕಣ್ಣು ಹತ್ತಂಗಿಲ್ಲ. ಇವತ್ತ ರಾತ್ರಿ ನೀವೂ ಎದ್ದು ಕುಂತು ಗಡಿಯಾರ ನೋಡ್ರಿ. ಸೋಮವಾರ ನಾವು ಸೊಲ್ಲಾಪುರಕ್ಕ ತೋರಸಾಕ ಹೊಂಟೀವಿ, ಗಾಡ್ಯಾಗ ಇಬ್ಬರಿಗೆ ಜಾಗ ಅದ. ಅಣ್ಣಾರಿಗೆ ಕಣ್ಣು ತೋರಿಸೂದದ ಅಂತ ಹೇಳಿ ಹತ್ತಸ್ರಿ, ಮುಂದಿಂದು ನಾ ನೋಡ್ಕೋತೀನಿ.