ಬಾಲ ಕಿತ್ತು ಅಂಟಿಸುವ ಕ್ರಮ: ಬಳಕೆದಾರರ ಕೈಪಿಡಿ

ಉಪಕರಣ ಬಿಚ್ಚುವ ಮೊದಲು ಪೂರ್ತಿ ಓದಿಕೊಳ್ಳಿ. ಇದರಿಂದ ಯಾವುದೇ ಇಂಗ್ಲಿಷ್ ಪದದ ಬಾಲ ಕಿತ್ತು ಇನ್ನೊಂದರ ಹಿಂದೆ ಸಿಕ್ಕಿಸಬಹುದು. ವ್ಯಾಕರಣ ಬಲ್ಲವರು ದೂರ ನಿಲ್ಲತಕ್ಕದ್ದು.

ಕತ್ತರಿಸುವುದು: ಕೀಲು ಇರುವಲ್ಲಿ ಮಾತ್ರ ಕತ್ತರಿಸಬೇಡಿ. ಅಭ್ಯಾಸಕ್ಕೆ ಹ್ಯಾಂಬರ್ಗರ್ ಒಳ್ಳೆಯದು. ಅದು ಹ್ಯಾಂಬರ್ಗ್ ಊರಿನ ಹೆಸರು ಹೊತ್ತದ್ದು. ಕೀಲು ಇರುವುದು ಕೊನೆಯ ‘ಅರ್’ ಹತ್ತಿರ. ನೀವು ‘ಹ್ಯಾಂ’ ಆದ ಕೂಡಲೇ ಕತ್ತಿ ಇಡಿ. ಹ್ಯಾಂ ಎಂದರೆ ಹಂದಿಮಾಂಸ, ಒಳಗಿರುವುದು ದನದ್ದು, ಯಾರೂ ಕೇಳುವುದಿಲ್ಲ. ಉಳಿದ ‘ಬರ್ಗರ್’ ಆಲೂ ಟಿಕ್ಕಿಗೂ ಹೊಂದುತ್ತದೆ.

ಕೈ ಪಳಗಿದ ಮೇಲೆ ಆಲ್ಕೊಹಾಲಿಕ್. ಇದರ ಬುಡದಲ್ಲಿರುವುದು ಅರಬ್ಬಿಯ ‘ಅಲ್ ಕುಹ್ಲ್’, ಕಣ್ಣಿಗೆ ಹಚ್ಚುವ ಕಪ್ಪು ಪುಡಿ. ದಾಕ್ಷಿಣ್ಯವಿಲ್ಲದೆ ನಡುವೆ ಕಡಿದು ‘ವರ್ಕ್’ಗೆ ಹಚ್ಚಿ. ಅಮೆರಿಕದ ವೇಯ್ನ್ ಓಟ್ಸ್ 1971ರಲ್ಲಿ ವರ್ಕಹಾಲಿಕ್ ಕುರಿತು ಪುಸ್ತಕವನ್ನೇ ತಂದರು. ದುಡಿದು ಸಾಯುವವನ ಹೆಸರಿನಲ್ಲಿ ಚೂರು ಕಾಡಿಗೆ ಉಳಿದಿರುತ್ತದೆ, ಒರೆಸಬೇಕಾಗಿಲ್ಲ.

ಎಚ್ಚರಿಕೆ: ಬಿಕಿನಿ ಪೆಸಿಫಿಕ್ಕಿನ ಹವಳದ್ವೀಪ. 1946ರ ಜುಲೈ 1ರಂದು ಅಮೆರಿಕ ಅಲ್ಲಿ ಅಣುಬಾಂಬ್ ಪರೀಕ್ಷಿಸಿತು. ನಾಲ್ಕೇ ದಿನಕ್ಕೆ ಪ್ಯಾರಿಸ್‌ನಲ್ಲಿ ಲೂಯಿ ರೆಯಾರ್ ಆ ಹೆಸರಿನ ತುಂಡುಡುಗೆ ತೋರಿಸಿದ. ಮೊದಲಿನ ‘ಬಿ’ ಎಂದರೆ ಎರಡು ಎಂದು ತಿಳಿದುಕೊಂಡರೆ ಬಾಲ ಸಲೀಸಾಗಿ ಕಳಚುತ್ತದೆ. 1964ರಲ್ಲಿ ಹಾಗೇ ಮೊನೊಕಿನಿ ಬಂತು. ದ್ವೀಪದಿಂದ ಎಬ್ಬಿಸಿದ ಜನರಿಗೆ ಮತ್ತೆ ಅಲ್ಲಿ ನೆಲೆಯೂರಲಾಗಲಿಲ್ಲ. ಅದರ ರಿಪೇರಿ ಈ ಕೈಪಿಡಿಯಲ್ಲಿಲ್ಲ.

ಅರ್ಥ ತುಂಬುವುದು: ಕಿತ್ತ ಬಾಲ ಖಾಲಿ ಇರಬಹುದು. ‘ಗೇಟ್’ ಅಂದರೆ ಬರೀ ಗೇಟು. ಆದರೆ 1972ರ ಜೂನ್ 17ರ ನಸುಕಿನಲ್ಲಿ ವಾಷಿಂಗ್ಟನ್ನಿನ ವಾಟರ್‌ಗೇಟ್ ಕಟ್ಟಡದಲ್ಲಿ, ಡೆಮಾಕ್ರಟಿಕ್ ಪಕ್ಷದ ಕಚೇರಿಗೆ ನುಗ್ಗಿದ್ದ ಐವರು ಸಿಕ್ಕಿಬಿದ್ದರು. 1974ರ ಆಗಸ್ಟ್‌ನಲ್ಲಿ ಅಧ್ಯಕ್ಷ ನಿಕ್ಸನ್ ಕುರ್ಚಿ ಬಿಟ್ಟರು. ಅಷ್ಟರಲ್ಲಿ ಆ ಮೂರೂವರೆ ಕಾಸಿನ ಬಾಲಕ್ಕೆ ಹಗರಣ ಪೂರ್ತಿ ತುಂಬಿತ್ತು. ನಿಕ್ಸನ್ನರ ಭಾಷಣ ಬರೆಯುತ್ತಿದ್ದ ವಿಲಿಯಂ ಸಫೈರ್ ಆಮೇಲೆ ಅಂಕಣಕಾರರಾಗಿ ಕಂಡಕಂಡ ಹಗರಣಕ್ಕೆಲ್ಲ ಇದನ್ನೇ ಹಚ್ಚಿದರು. ಊರಿಗೆಲ್ಲ ಗೇಟ್ ಇಟ್ಟರೆ ಹಳೆಯ ಧಣಿಯ ಗೇಟು ಅಷ್ಟಾಗಿ ಎದ್ದು ಕಾಣುವುದಿಲ್ಲ, ನೋಡಿ.

ಒಮ್ಮೆ ತುಂಬಿದರೆ ಎಷ್ಟು ತೆಳ್ಳಗೆ ಬೇಕಾದರೂ ಬಳಿಯಬಹುದು. ಸಿಡ್ನಿಯ ಕ್ರಿಕೆಟ್ ಮೈದಾನದ 2008ರ ಬೈಗುಳದ ಗಲಾಟೆಗೆ ಮಂಕಿಗೇಟ್, ಕೇಪ್‌ಟೌನಿನಲ್ಲಿ 2018ರಲ್ಲಿ ಚೆಂಡು ಉಜ್ಜಿದ್ದಕ್ಕೆ ಸ್ಯಾಂಡ್‌ಪೇಪರ್‌ಗೇಟ್. ನಮ್ಮ ಕಲ್ಲಿದ್ದಲು ಹಗರಣಕ್ಕೆ ಹಚ್ಚಿದಾಗ ಮಾತ್ರ ‘ಕೋಲ್‌ಗೇಟ್’ ಆಗಿ, ಕೇಳಿದವರ ಬಾಯಲ್ಲಿ ಪುದೀನ ರುಚಿ ಬಂತು.

ದೇಶೀ ಮಾದರಿ: ಕನ್ನಡ ಬಳಸುವವರು ಈ ಬಾಲ ಆಮದು ಮಾಡಬೇಕಿರಲಿಲ್ಲ. ಮಾನಗೇಡು, ನಗೆಗೇಡು, ನಾಚಿಕೆಗೇಡು: ಗೇಟಿನ ಕೆಲಸವನ್ನೆಲ್ಲ ನಮ್ಮ ‘ಗೇಡು’ ಎಂದಿನಿಂದಲೋ ಮಾಡಿಕೊಂಡು ಬಂದಿದೆ. ಅದರ ಕೇಡು ಕಟ್ಟಡದಿಂದ ಬಂದದ್ದಲ್ಲ, ಸ್ವಂತದ್ದು.

ದೋಷ ಕಂಡುಬಂದರೆ: 2012ರಲ್ಲಿ ಲಂಡನ್ನಿನ ಡೌನಿಂಗ್ ಸ್ಟ್ರೀಟ್‌ನಲ್ಲಿ ಸೈಕಲ್ ಏರಿದ್ದ ಸಂಸದ ಆಂಡ್ರ್ಯೂ ಮಿಚೆಲ್‌ಗೆ ಪೊಲೀಸರು ದೊಡ್ಡ ಗೇಟ್ ತೆಗೆಯಲಿಲ್ಲ. ಜಗಳ ದೇಶವ್ಯಾಪಿಯಾಯಿತು. ಬಾಲ ಹಚ್ಚಲು ಹೊರಟ ಕೆಲವರು ಇದನ್ನು ‘ಗೇಟ್‌ಗೇಟ್’ ಎಂದೇ ಕರೆದರು. ನಿಮ್ಮ ಉಪಕರಣವೂ ಹೀಗೆ ಸದ್ದು ಮಾಡಿದರೆ ಗಾಬರಿ ಬೇಡ. ಮೊದಲನೆಯದು ಕಬ್ಬಿಣದ್ದು.